ಪತ್ತಾರನ ಅರಗು

ಬಾಟ್ಲಿ ಖಾಲಿಯಾಗಿತ್ತು.

ಸಿದ್ದಾರೂಢ ಅದನ್ನು ಬಾಗಿಲ ಬೆಳಕಿಗೆ ಹಿಡಿದು ನೋಡಿದ, ತಲೆಕೆಳಗು ಮಾಡಿ ನೋಡಿದ. ತಳದಲ್ಲಿ ಎಣ್ಣೆಯ ಒಂದು ಗೆರೆ ಅಂಟಿಕೊಂಡಿತ್ತು, ಅಷ್ಟೇ. ಕೊರಳಿಗೆ ಸುತ್ತಿದ್ದ ದಾರ ಹರಿದಿತ್ತು. ಬಿರಡೆಯ ಮೇಲೆ ಅರಗು ಇರಲಿಲ್ಲ. ಚೀಟಿಯೊಂದು ಮಾತ್ರ ನೆಟ್ಟಗಿತ್ತು: ‘ಅಂದಪ್ಪ ಗಾಣಿಗ, ಬೆಟಗೇರಿ. ಕುಸುಬಿ ಎಣ್ಣೆ. ಗುರುವಾರ, ತಾ. 12-4-1928.’ ಕೆಳಗೆ ಅವನದೇ ಸಹಿ.

“ಏನ್ ಮಾಡಿದೆವ್ವಾ ಇದರಾಗಿನ ಎಣ್ಣಿ?”

ಅಂದಪ್ಪನ ಹೆಂಡತಿ ಬಸವಣ್ಣೆವ್ವ ದೇವರ ಜಗಲಿಯ ಕಡೆ ಕೈ ತೋರಿಸಿದಳು. ಅಲ್ಲಿ ದೇವರ ಮುಂದೆ ಹಿತ್ತಾಳೆಯ ದೀಪ ಉರಿಯುತ್ತಿತ್ತು.

“ಇವತ್ತ ಸೋಮವಾರರಿ ಸಾಹೇಬ್ರ. ದೀಪ ಹಚ್ಚಬೇಕಲ್ರಿ. ನಾಕು ಸೋಮವಾರ ಆತು, ದಿನಾ ಅಲ್ಲ, ಸೋಮವಾರಕ್ಕಷ್ಟ ಹಾಕೀನಿ.”

“ಅದು ಕೋರ್ಟಿನ ಬಾಟ್ಲಿ! ಜೋಪಾನ ಇಡು ಅಂತ ಹೇಳಿದ್ನಿಲ್ಲ?”

“ಜಗಲಿ ಮ್ಯಾಲ ಇಟ್ಟಿದ್ನಿರಿ. ಅದಕ್ಕಿಂತ ಜೋಪಾನದ ಜಾಗಾ ನಮ್ಮನ್ಯಾಗ ಯಾವುದೈತ್ರಿ?”

“ಅಂಗಡ್ಯಾಗ ಎಣ್ಣಿ ಸಿಗತಿರಲಿಲ್ಲೇನು?”

ಅಲ್ಲಿಯವರೆಗೆ ತಗ್ಗಿಸಿದ್ದ ತಲೆಯನ್ನು ಬಸವಣ್ಣೆವ್ವ ಎತ್ತಿದಳು.

“ಏಳ ತಲಿಮಾರು ಗಾಣಾ ಹೂಡಿದ ಮನಿರಿ ಇದು. ಊರ ದೇವ್ರಿಗೆಲ್ಲಾ ಎಣ್ಣಿ ಹೋಗೂದು ನಮ್ಮನಿಯಿಂದ. ನಮ್ಮ ದೇವ್ರಿಗೆ ಅಂಗಡಿ ಎಣ್ಣಿ ಹಾಕಿದ್ರ ನಾವು ಗಾಣಿಗರಾಗಿ ಹುಟ್ಟಿದ್ದ್ಯಾಕ? ಇದ್ದ ಕೊಪ್ಪರಿಗಿಗೆಲ್ಲಾ ನೀವ ಸಿಕ್ಕಾ ಹೊಡದ್ರಿ. ಆಮ್ಯಾಲ ಎಲ್ಲಾ ಹಳ್ಳಕ್ಕ ಸುರುವಿಸಿದ್ರಿ. ಮನ್ಯಾಗ ಉಳಿದದ್ದು ಇದೊಂದ.”

ಆಕೆ ಹೇಳಿದ್ದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ.

ನೇಕಾರ ಓಣಿಯಲ್ಲಿ ಕಾಲು ಬಾತು ಮೂರು ಮಕ್ಕಳು, ಒಬ್ಬ ಮುದುಕಿ ಸತ್ತದ್ದು. ಅಂದಪ್ಪನ ಎಣ್ಣೆಯಲ್ಲಿ ಹೊಟ್ಟೆಗೆ ಹೋದರೆ ಕಾಲು ಬಾತುಕೊಳ್ಳುವ ಮುಳ್ಳು ದತ್ತೂರಿ ಬೀಜದ ಬೆರಕೆ ಇದೆಯೆಂದು ಪುಣೆಯ ಪರೀಕ್ಷಕರ ಕಾಗದ ಬಂದದ್ದು. ಅಂದಪ್ಪ ಗದಗಿನ ಜೈಲಿನಲ್ಲಿ ಕೂತು ಎರಡು ವಾರವಾದದ್ದು, ಇಷ್ಟು ಊರಿಗೆಲ್ಲ ಗೊತ್ತಿದ್ದ ಕಥೆ. ಊರಿಗೆ ಗೊತ್ತಿಲ್ಲದ ಸಂಗತಿಯೊಂದಿತ್ತು. ಗಾಣ ನಿಂತು ಇಪ್ಪತ್ತೈದು ದಿನವಾದರೂ ಓಣಿಯಲ್ಲಿ ಕಾಲು ಬಾತುಕೊಳ್ಳುವುದು ನಿಂತಿರಲಿಲ್ಲ. ಅದಕ್ಕೇ ಗದಗ-ಬೆಟಗೇರಿ ಮುನಸಿಪಾಲಿಟಿಯ ಸ್ಯಾನಿಟರಿ ಇನ್ಸ್‌ಪೆಕ್ಟರ್ ಸಿದ್ದಾರೂಢ, ತಾನೇ ಹಿಡಿದುಕೊಟ್ಟ ಮನುಷ್ಯನ ಮನೆಗೆ ತಾನೇ ಬಂದು ನಿಂತಿದ್ದ.

ಕಾಯಿದೆ ಹೇಳುವುದು ಹೀಗೆ: ಮಾದರಿ ತೆಗೆದರೆ ಮೂರು ಬಾಟ್ಲಿ ತುಂಬಬೇಕು. ಒಂದು ಪುಣೆಗೆ, ಒಂದು ಆಫೀಸಿನ ಕಪಾಟಿಗೆ, ಒಂದು ಮಾರುವವನ ಕೈಗೆ. ಪುಣೆಯ ವರದಿ ತಪ್ಪೆಂದು ತೋರಿಸಲು ಬಡವನಿಗೆ ಇಟ್ಟಿದ್ದ ಕಿಂಡಿ ಆ ಮೂರನೆಯ ಬಾಟ್ಲಿ. ಬುಧವಾರ ವಿಚಾರಣೆ. ಕಿಂಡಿ ದೇವರ ಮುಂದೆ ಉರಿದುಹೋಗಿತ್ತು.

ಸಿದ್ದಾರೂಢನಿಗೆ ಸಿಟ್ಟು ಬಂತು. ಆಕೆಯ ಮೇಲೆಂದುಕೊಂಡು ಬಾಯಿ ತೆರೆದ. ಕೊಪ್ಪರಿಗೆಗಳಿಗೆ ಮೊಹರು ಹಾಕಿ ದೇವರ ದೀಪಕ್ಕೂ ಎಣ್ಣೆ ಬಿಡದೆ ಹೋದವನು ಯಾರೆಂದು ನೆನಪಾಗಿ ಬಾಯಿ ಮುಚ್ಚಿದ.

“ಹೋಗೂಣ್ರಿ ಸಾಹೇಬ್ರ,” ಎಂದ ಹೊಸ್ತಿಲ ಹೊರಗೆ ನಿಂತಿದ್ದ ಸಿಪಾಯಿ ಮೌಲಾಸಾಬ. ಆಫೀಸಿನಲ್ಲಿ ಇಪ್ಪತ್ತು ವರ್ಷ ಸವೆಸಿದ ಮುದುಕ. ಎದೆಯ ಪಟ್ಟಿಯ ಮೇಲಿನ ಹಿತ್ತಾಳೆ ಬಿಲ್ಲೆ ಕನ್ನಡಿಯಂತೆ ಉಜ್ಜಿದ್ದು. “ಖಾಲಿ ಬಾಟ್ಲಿ ಹಿಡಕೊಂಡು ಏನ್ ಮಾಡ್ತೀರಿ? ನನ್ನ ಹೆಂಡತಿ ದಾವಲಬಿ ಕಾಲೂ ನಿನ್ನೆಯಿಂದ ಬಾತಾವ್ರಿ. ನಾಕ ಗಂಟೆ ಮೋಟಾರಿಗೆ ಆಕಿನ್ನ ಲಕ್ಷ್ಮೇಶ್ವರಕ್ಕ, ಆಕಿ ತಮ್ಮನ ಮನಿಗೆ ಕಳಸಬೇಕಂತ ಮಾಡೀನಿ.”

“ಡಾಕ್ಟರಿಗೆ ತೋರ್ಸು ಮೊದಲ,” ಎಂದ ಸಿದ್ದಾರೂಢ. ಬಾಯಿ ಹೇಳಿತೇ ಹೊರತು ಮನಸ್ಸು ಅತ್ತ ಇರಲಿಲ್ಲ. ಅವನು ಬಿರಡೆಯನ್ನೇ ನೋಡುತ್ತಿದ್ದ. “ಬಸವಣ್ಣೆವ್ವ, ಇದರ ಮ್ಯಾಲಿನ ಅರಗು ಏನ್ ಮಾಡಿದಿ?”

ಆಕೆ ಸೆರಗಿನ ತುದಿಯ ಗಂಟು ಬಿಚ್ಚಿದಳು. ಒಳಗೆ ಚೂರುಗಳಿದ್ದವು. “ಸರಕಾರದ ಸಿಕ್ಕಾ ಇದ್ದದ್ದು ಕಸದಾಗ ಹಾಕಬಾರದು ಅಂತ ಇಟಕೊಂಡೀನ್ರಿ.”

ಚೂರುಗಳು ಸುಟ್ಟ ಮಣ್ಣಿನ ಇಟ್ಟಂಗಿಯ ಬಣ್ಣಕ್ಕಿದ್ದವು, ಮುಟ್ಟಿದರೆ ಉಸುಕಿನ ಹಾಗೆ ಒರಟು. ಸಿದ್ದಾರೂಢನಿಗೆ ಆ ಗುರುವಾರ ಕಣ್ಣಮುಂದೆ ಬಂತು. ಅವನ ಚೀಲದಲ್ಲಿದ್ದ ಸರಕಾರಿ ಅರಗಿನ ಕಡ್ಡಿ ಮುಗಿದಿತ್ತು. ಪಕ್ಕದ ಮನೆಯ, ಬಂಗಾರದ ಕೆಲಸದ ಪತ್ತಾರ ಕಾಳಪ್ಪ ತನ್ನ ಅರಗನ್ನೇ ಕಾಸಿ ಕೊಟ್ಟಿದ್ದ. ಟೊಳ್ಳು ಒಡವೆಗಳೊಳಗೆ ತುಂಬುವ, ಇಟ್ಟಂಗಿ ಪುಡಿ ಬೆರೆಸಿದ ಅರಗು. ಮೂರು ಬಾಟ್ಲಿಗಳ ಮೇಲೂ ಆ ಅರಗಿಗೇ ಸಿದ್ದಾರೂಢ ಮೊಹರು ಒತ್ತಿದ್ದ.

ಚೂರುಗಳನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಜಗಲಿಯ ಕಡೆ ನೋಡಿದ. “ದೀಪದಾಗಿನ ಎಣ್ಣಿ ಒಂದ ಚಮಚ ಬೇಕು.”

“ಆರಿಹೋದೀತ್ರಿ!”

“ನಿನ್ನ ಗಂಡನ ಸಲುವಾಗಿ.”

ಬಸವಣ್ಣೆವ್ವ ಕೈ ಮುಗಿದು ಚಮಚ ಅದ್ದಿದಳು. ದೀಪ ಸಣ್ಣಗಾಯಿತು, ಆರಲಿಲ್ಲ. ಬಟ್ಟಲು ಅವನ ಕೈಗಿಡುತ್ತ ಕೇಳಿದಳು: “ಬುಧವಾರ ಮನಿಗೆ ಬರತಾರೇನ್ರಿ?”

“ಬರತಾನವ್ವ,” ಎಂದುಬಿಟ್ಟ ಸಿದ್ದಾರೂಢ. ಅಧಿಕಾರಿಯಾದವನು ಆಡಬಾರದ ಮಾತು ಅದು.

* * *

ಪತ್ತಾರ ಕಾಳಪ್ಪನ ಹತ್ತಿರ ಅರಗಿನಂತೆಯೇ ತೇಜಾಬೂ ಇತ್ತು, ಬಂಗಾರದ ಪರೀಕ್ಷೆಗೆ ಇಟ್ಟ ಆಮ್ಲ. ಸಿದ್ದಾರೂಢ ಗಾಜಿನ ಬಟ್ಟಲಿಗೆ ಎಣ್ಣೆ ಸುರಿದು ನಾಲ್ಕು ಹನಿ ತೇಜಾಬು ಬಿಡಿಸಿದ.

“ಏನಾಗಬೇಕ್ರಿ?” ಕಾಳಪ್ಪ ಬಗ್ಗಿ ನೋಡಿದ.

“ದತ್ತೂರಿ ಇದ್ರ ರಕ್ತದಂಗ ಕೆಂಪಾಗತೈತಿ ಅಂತ ಪುಣೆದವರು ಬರದಾರ.”

ಇಬ್ಬರೂ ಕಾದರು. ಅಂದಪ್ಪನ ಎಣ್ಣೆ ಹಳದಿ ಇತ್ತು, ಹಳದಿಯಾಗಿಯೇ ಉಳಿಯಿತು. ಕುಸುಬಿ ಎಣ್ಣೆ, ಅಪ್ಪಟ ಕುಸುಬಿ.

ಬಟ್ಟಲು ಹಿಡಿದಿದ್ದ ಸಿದ್ದಾರೂಢನ ಹೆಬ್ಬೆರಳ ಮೇಲೆ ಕಾಳಪ್ಪನ ಕಣ್ಣು ಬಿತ್ತು. ಅಲ್ಲಿ ಒಣಗುತ್ತಿದ್ದ ಒಂದು ಸುಟ್ಟ ಕಲೆ. “ಇದು ಅರಗು ಬಿದ್ದ ಗಾಯರಿ. ನಮ್ಮ ಕೈ ಎಲ್ಲಾ ಹಿಂಗ ಇರತಾವು.”

“ಅವತ್ತ ನಿನ್ನ ಅರಗ ತಾಗಿರಬೇಕು.”

“ಅವತ್ತ ಅರಗು ಹೊಯ್ದಾಂವ ನಾನರಿ. ನೀವು ಸಿಕ್ಕಾ ಅಷ್ಟ ಒತ್ತಿದ್ರಿ. ನಿಮ್ಮ ಕೈಗೆ ಎಲ್ಲಿ ತಾಗಿತ್ತು?”

ಚಹಾದ ಕೆಟಲಿಯೋ ಮತ್ತೇನೋ ತಾಗಿರಬೇಕು ಎಂದುಕೊಂಡು ಸಿದ್ದಾರೂಢ ಎದ್ದ. ಮಾದರಿ ತೆಗೆದ ಮರುದಿನವೇ ಅವನಿಗೆ ಚಳಿಜ್ವರ ಹಿಡಿದು ಐದು ದಿನ ಹಾಸಿಗೆಯಲ್ಲಿದ್ದ. ಆ ಐದು ದಿನಗಳಲ್ಲಿ ಏನು ಕುಡಿದ, ಏನು ಮುಟ್ಟಿದ, ಯಾವುದೂ ನೆನಪಿರಲಿಲ್ಲ.

ಆಫೀಸಿಗೆ ಬಂದವನೇ ಕಪಾಟು ತೆಗೆಯಲು ಹೇಳಿದ. ಮೌಲಾಸಾಬ ಬೀಗಕ್ಕೆ ಕೀಲಿ ಹಾಕಲು ಮೂರು ಸಲ ತಡವರಿಸಿದ. ಮುದುಕನ ಕಣ್ಣು ಮಂಜಾಗಿದೆ, ಪಾಪ, ಎಂದುಕೊಂಡ ಸಿದ್ದಾರೂಢ. ಕೇಸು ಹಿಡಿಯುವುದರಲ್ಲಿ ಹುಲಿಯಾದರೂ ಹತ್ತಿರದವರ ಮುಖ ಓದುವುದರಲ್ಲಿ ಅವನು ಯಾವತ್ತೂ ದಡ್ಡನೇ.

ಬಾಟ್ಲಿ ಹೊರಗೆ ಬಂತು. ಬಿರಡೆಯ ಮೇಲಿನ ಅರಗು ಕೆಂಪಗೆ, ನುಣ್ಣಗೆ, ಹೊಸ ಬಳೆಯ ಹಾಗೆ ಹೊಳೆಯುತ್ತಿತ್ತು. ಇಟ್ಟಂಗಿ ಪುಡಿಯ ಸುಳಿವಿಲ್ಲ. ಅಪ್ಪಟ ಸರಕಾರಿ ಅರಗು.

ಚೀಟಿಯ ಮೇಲಿನ ಸಹಿ ತುಸು ಕೆಳಕ್ಕೆ ಜಾರಿತ್ತು, ಆದರೆ ಅವನದೇ. ಒತ್ತಿದ ಮೊಹರೂ ಅವನದೇ. ಅರಗು ಮಾತ್ರ ಅವನದಲ್ಲ.

ಸಿದ್ದಾರೂಢನ ಕೈ ತಾನೇ ತಾನಾಗಿ ನಡುವಿಗೆ ಹೋಯಿತು. ಉಡದಾರಕ್ಕೆ ಕಟ್ಟಿದ ಹಿತ್ತಾಳೆಯ ಮೊಹರು ಅಲ್ಲಿಯೇ ಇತ್ತು. ‘ಈ ಮೊಹರು ನನ್ನ ನಡುವನ್ನು ಬಿಟ್ಟು ಹೋಗಿಲ್ಲ’ ಎಂದು ಮ್ಯಾಜಿಸ್ಟ್ರೇಟರ ಮುಂದೆ ಆಣೆ ಮಾಡಿ ಹೇಳಿಕೆ ಕೊಟ್ಟವನು ಅವನು. ಹಾಗಾದರೆ ಪುಣೆಗೆ ಹೋದದ್ದೂ ಇಂಥದೇ ಬಾಟ್ಲಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಿದ್ದರು, ಬರೆ ಎಳೆದ ಕೈ ಅವನದು.

“ಸಾಹೇಬ್ರ, ಒಂದ ತಾಸು ಮನಿಗೆ ಹೋಗಿ ಬರ್ಲಿ?” ಎಂದ ಮೌಲಾಸಾಬ. “ದಾವಲಬಿನ್ನ ನೋಡಿ ಬರತೀನಿ.”

“ಹೋಗು. ನಾನು ಸಾವ್ಕಾರ್ರ ಅಂಗಡ್ಯಾಗ ಇರತೀನಿ.”

* * *

ಶಿವಯೋಗಪ್ಪ ಸಾವ್ಕಾರರು ಮುನಸಿಪಾಲಿಟಿಯ ಮೆಂಬರು, ಆರೋಗ್ಯ ಕಮಿಟಿಯ ಮುಖಂಡರು, ಅದರ ಮೇಲೆ ಊರಿನ ದೊಡ್ಡ ಎಣ್ಣೆ ವ್ಯಾಪಾರಿ. ಅಂದಪ್ಪನ ಕೊಪ್ಪರಿಗೆಗಳನ್ನು ‘ಜನಹಿತಕ್ಕಾಗಿ’ ಹಳ್ಳಕ್ಕೆ ಸುರುವಬೇಕೆಂದು ಠರಾವು ಮಂಡಿಸಿದವರೂ ಅವರೇ. ಜನಹಿತ ಎಂಬ ಮಾತು ಅವರ ಬಾಯಲ್ಲಿ ಎಲೆಅಡಿಕೆಗಿಂತ ಹೆಚ್ಚು ಇರುತ್ತಿತ್ತು.

“ಬರ್ರಿ ಸಾಹೇಬ್ರ, ಕುಂಡ್ರಿ. ಏನ್ ಬಿಸಲು, ಏನ್ ಬಿಸಲು! ಮಜ್ಜಿಗಿ ತರಸ್ಲಿ?”

“ಬ್ಯಾಡ್ರಿ. ನಿಮ್ಮ ಡಬ್ಬಿ ಎಣ್ಣಿ ಎಲ್ಲಿಂದ ಬರತೈತಿ?”

“ಲಕ್ಷ್ಮೇಶ್ವರದಿಂದ. ಅಲ್ಲಿ ನಿಮ್ಮ ಮುಂಬಯಿ ಕಾಯ್ದೆ ನಡಿಯಂಗಿಲ್ಲರಿ, ಸಂಸ್ಥಾನದ ಹದ್ದು.”

“ಇಲ್ಲಿ ಮಾರಿದ್ರ ನಡೀತೈತಿ.”

“ಹಿಡೀರಲ್ಲ, ಯಾರು ಬ್ಯಾಡ ಅಂದಾರು?” ಸಾವ್ಕಾರರು ಕೈ ಬೀಸಿ ಅಂಗಡಿ ತೋರಿಸಿದರು. ಡಬ್ಬಿಗಳ ಸಾಲಿದ್ದ ಜಾಗದಲ್ಲಿ ನೆಲ ತೊಳೆದು ಸ್ವಚ್ಛ ಮಾಡಲಾಗಿತ್ತು. “ಒಂದ ಹನಿ ಇಲ್ಲ. ಕೋರ್ಟು ಮುಗಿಯೂತನ ಎಣ್ಣಿ ವ್ಯಾಪಾರ ಬ್ಯಾಡ ಅಂತ ಇದ್ದ ಮಾಲೆಲ್ಲಾ ನಿನ್ನೆ ತೀರಿಸಿಬಿಟ್ಟೆ.”

ನಿನ್ನೆ ತೀರಿಸಿದ ಮಾಲು ಯಾವ ಓಣಿಯ ಯಾವ ಒಲೆಯ ಮೇಲೆ ಕಾಯುತ್ತಿದೆಯೋ ಎಂದುಕೊಂಡ ಸಿದ್ದಾರೂಢ.

“ಆಫೀಸಿನ ಬಾಟ್ಲಿ ಅದಲಿಬದಲಿ ಆಗೇತ್ರಿ ಸಾವ್ಕಾರ್ರ. ನಾನು ಹಾಕಿದ ಅರಗು ಬ್ಯಾರೆ, ಅಲ್ಲಿರೂ ಅರಗು ಬ್ಯಾರೆ.”

ಸಾವ್ಕಾರರು ಬೆಚ್ಚುತ್ತಾರೆಂದು ಅವನು ಕಾದ. ಅವರು ಎಲೆಗೆ ಸುಣ್ಣ ಹಚ್ಚುತ್ತಿದ್ದರು, ಹಚ್ಚುತ್ತಲೇ ಇದ್ದರು.

“ಅದರ ಮ್ಯಾಲಿನ ಸಿಕ್ಕಾ ಯಾರದ್ರಿ?”

“ನಂದು.”

“ಎಲ್ಲಿರತೈತಿ?”

“ನನ್ನ ನಡುವಿನ್ಯಾಗ.”

“ಯಾವತ್ತರ ಬಿಚ್ಚಿ ಇಟ್ಟಿದ್ರೇನು?”

“ಇಲ್ಲ.”

“ಹಂಗಂತ ಆಣಿ ಮಾಡಿ ಹೇಳೀರಿ. ಮ್ಯಾಜಿಸ್ಟ್ರೇಟರು ಬರಕೊಂಡಾರ.” ಸಾವ್ಕಾರರು ಎಲೆ ಮಡಚಿ ಬಾಯಿಗಿಟ್ಟರು. “ಹಂಗಾದ್ರ ಆ ಬಾಟ್ಲಿಗೆ ಸಿಕ್ಕಾ ಹೊಡದವರು ಯಾರು?”

ಸಿದ್ದಾರೂಢ ಮೇಲೆದ್ದು ನಿಂತ. “ನಾಕು ಜೀವ ಹೋಗ್ಯಾವ್ರಿ. ಒಬ್ಬ ಬಡವ ಜೈಲಿನ್ಯಾಗ ಕುಂತಾನ. ನಿಮಗ ಏನ್ ಗೊತ್ತೈತಿ ಹೇಳ್ರಿ!”

“ನನಗೇನ್ ಗೊತ್ತ್ರಿ? ನಾನು ಜನಹಿತ ನೋಡಾವ.” ದನಿ ಈಗಲೂ ಮಜ್ಜಿಗೆಯಷ್ಟೇ ತಣ್ಣಗಿತ್ತು. “ನೀವು ಜ್ವರದಾಗ ಮಲಗಿದ್ರಲ್ಲ, ಆ ದಿನದ ಖಬರ ನಿಮ್ಮ ಮನ್ಯಾಗ ಕೇಳ್ರಿ. ಕೇಳಿದ ಮ್ಯಾಲ ಬುಧವಾರ ಕೋರ್ಟಿನ್ಯಾಗ ಏನ್ ಹೇಳಬೇಕು ಅನ್ನೂದು ನಿಮಗ ತಿಳೀತೈತಿ. ಹುಷಾರ ಮನಷ್ಯಾರು ನೀವು.”

ಹೊರಗೆ ಮೌಲಾಸಾಬ ಬಂದು ನಿಂತಿದ್ದ. ಬಗಲಲ್ಲಿ ರುಮಾಲಿನ ಒಂದು ಗಂಟು. ಹೆಂಡತಿಗೆ ಔಷಧ ಇರಬೇಕು ಎಂದುಕೊಂಡ ಸಿದ್ದಾರೂಢ. ಇಬ್ಬರೂ ಸಿದ್ದಾರೂಢನ ಮನೆಯ ದಾರಿ ಹಿಡಿದರು. ಅಂಗಳಕ್ಕೆ ಬಂದಾಗ ಮೌಲಾಸಾಬ ಎಂದಿನಂತೆ ಹೊರಗಿನ ಕಟ್ಟೆಯ ಮೇಲೆ ಕುಳಿತ.

* * *

ಹೆಂಡತಿ ಶಾರದವ್ವ ಪಡಸಾಲೆಯಲ್ಲಿ ಶಾವಿಗೆ ಹೊಸೆಯುತ್ತಿದ್ದಳು. ಮಕ್ಕಳಿಬ್ಬರು ಅಜ್ಜಿಯ ಜೊತೆ ಹಿರೇವಡ್ಡಟ್ಟಿಗೆ ಹೋಗಿದ್ದರಿಂದ ಮನೆ ಸುಮ್ಮನಿತ್ತು.

“ಶಾರದಾ, ನನಗ ಜ್ವರ ಇದ್ದಾಗ ಈ ಸಿಕ್ಕಾ ಯಾರರ ಮುಟ್ಟಿದ್ರೇನು?”

“ಯಾರ ಮುಟ್ಟತಾರ? ಮೈ ಒರಸಾಕ ಬಿಚ್ಚತೀನಿ ಅಂದ್ರ ನನ್ನ ಕೈನ ಸರಸತಿದ್ರಿ.”

ಸಿದ್ದಾರೂಢನಿಗೆ ಜೀವ ಬಂದಂತಾಯಿತು. ಸಾವ್ಕಾರ ಸುಳ್ಳು ಹೇಳಿ ಹೆದರಿಸಿದ್ದಾನೆ!

“ಬಾಟ್ಲಿಗೆ ಸಿಕ್ಕಾ ನೀವ ಹೊಡದ್ರಲ್ಲ,” ಎಂದಳು ಶಾರದವ್ವ, ಶಾವಿಗೆಯಿಂದ ಕಣ್ಣೆತ್ತದೆ.

ದೂರದಲ್ಲಿ ಲಕ್ಷ್ಮೇಶ್ವರದ ಮೋಟಾರಿನ ಹಾರ್ನು ಕೇಳಿಸಿತು.

“ಯಾವ ಬಾಟ್ಲಿಗೆ?”

“ನೆನಪಿಲ್ಲೇನು? ಶನಿವಾರ ಮಧ್ಯಾಹ್ನ ಮೌಲಾಸಾಬಣ್ಣ ಬುಟ್ಟ್ಯಾಗ ಎರಡ ಬಾಟ್ಲಿ ತಂದಿದ್ದ. ಪತ್ತಾರನ ಅರಗು ಬಿರಕು ಬಿಟ್ಟೈತಿ, ರೈಲಿನವರು ಪಾರ್ಸಲ್ ತಗೊಳ್ಳೂದಿಲ್ಲಂತ, ಸರಕಾರಿ ಅರಗು ಹಚ್ಚಿ ಹೊಸಾ ಚೀಟಿಗೆ ಸಹಿ ಮಾಡಬೇಕಂತ ಅಂದ. ನಾನು ಬ್ಯಾಡಂದೆ. ಮೈ ಸುಡತಿತ್ತು ನಿಮ್ಮದು. ಆದ್ರೂ ಎದ್ದು ಕುಂತ್ರಿ. ಸರಕಾರಿ ಕೆಲಸ ನಿಲ್ಲಬಾರದು ಅಂದ್ರಿ. ಬೆನ್ನ ಹಿಂದ ನಾನ ಹಿಡಕೊಂಡಿದ್ದೆ. ಹೆಬ್ಬಟ್ಟಿಗೆ ಅರಗು ಬಿದ್ರೂ ನಿಮಗ ಖಬರ ಇರಲಿಲ್ಲ.”

ಸಿದ್ದಾರೂಢ ತನ್ನ ಹೆಬ್ಬೆರಳನ್ನು ನೋಡಿದ.

ಒಂದು ಕಾಸು ಮುಟ್ಟದವನು ಎಂದು ಊರು ಅವನನ್ನು ಹೊಗಳುತ್ತಿತ್ತು. ಆ ಹೊಗಳಿಕೆ ಅವನಿಗೂ ರುಚಿಸುತ್ತಿತ್ತು. ಲಂಚಕ್ಕೆ ಬಗ್ಗದವನನ್ನು ಬಗ್ಗಿಸುವ ದಾರಿ ಯಾರಿಗೋ ಗೊತ್ತಿತ್ತು: ಕರ್ತವ್ಯ ಅಂದರೆ ಸಾಕು, ಜ್ವರದ ಹಾಸಿಗೆಯಿಂದಲೂ ಎದ್ದು ಕೂರುತ್ತಾನೆ. ಮೊಹರು ನಿಜವಾಗಿಯೂ ಅವನ ನಡುವನ್ನು ಬಿಟ್ಟು ಹೋಗಿರಲಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಅವನಿಗೆ ನಾಚಿಕೆಯಾಯಿತು, ಅಳು ಬಂತು, ಎರಡನ್ನೂ ನುಂಗಿಕೊಂಡು ಹೊರಗೆ ಓಡಿದ.

“ಮೌಲಾಸಾಬ! ಯಾರು ಕಳಿಸಿದ್ರು ನಿನ್ನ?”

ಕಟ್ಟೆ ಖಾಲಿ ಇತ್ತು. ಮುದುಕ ಕುಳಿತಿದ್ದ ಜಾಗದಲ್ಲಿ ಸಿಪಾಯಿಯ ಪಟ್ಟಿ ಮಡಚಿಟ್ಟಿತ್ತು, ಅದರ ಮೇಲೆ ಹಿತ್ತಾಳೆಯ ಬಿಲ್ಲೆ. ಪಕ್ಕದಲ್ಲಿ ರುಮಾಲಿನ ಗಂಟು.

ಸಿದ್ದಾರೂಢ ಅದನ್ನು ಬಿಚ್ಚಿದ. ಒಳಗೆ ಒಂದು ಬಾಟ್ಲಿ, ಕುತ್ತಿಗೆಯವರೆಗೆ ತುಂಬಿದ್ದು. ‘ಅಂದಪ್ಪ ಗಾಣಿಗ, ಬೆಟಗೇರಿ. ಕುಸುಬಿ ಎಣ್ಣೆ.’ ಬಿರಡೆಯ ಮೇಲೆ ಇಟ್ಟಂಗಿ ಬಣ್ಣದ ಒರಟು ಅರಗು, ಬಿರುಕಿಲ್ಲದೆ, ಚೂರು ಮುಕ್ಕಾಗದೆ. ಆಫೀಸಿನ ಕಪಾಟಿನಲ್ಲಿ ಇರಬೇಕಾಗಿದ್ದ ನಿಜವಾದ ಬಾಟ್ಲಿ. ಎರಡನ್ನೂ ಎಸೆದು ಬಾ ಎಂದು ಯಾರೋ ಹೇಳಿದ್ದರೂ ಮುದುಕ ಇದೊಂದನ್ನು ಎಸೆಯದೆ ಇಟ್ಟುಕೊಂಡಿದ್ದ. ಹೆಂಡತಿಯ ಕಾಲು ಬಾತ ಮೇಲೆ ಇಟ್ಟುಕೊಳ್ಳಲಾಗಿರಲಿಲ್ಲ.

ಶಾರದವ್ವ ಹಿಂದೆ ಬಂದು ನಿಂತಿದ್ದಳು. “ಏನ್ರಿ ಇದು?”

ಒಳಗೆ ಬಂದು, ಬಾಗಿಲು ಮುಂದೆ ಮಾಡಿ, ಎಲ್ಲ ಹೇಳಿದ.

“ಇದನ್ನ ಕೋರ್ಟಿಗೆ ಕೊಟ್ರ?” ಎಂದಳು ಕೊನೆಗೆ.

“ಅಂದಪ್ಪ ಬಿಡುಗಡಿ ಆಗತಾನ.”

“ಮತ್ತ ನೀವು?”

“ಸುಳ್ಳು ಸಾಕ್ಷಿ ಕೊಟ್ಟಾಂವ ಆಗತೀನಿ. ನೌಕರಿ ಹೋಗತೈತಿ. ಜೈಲೂ ಆದೀತು.”

“ಜ್ವರ ಇತ್ತು, ಮೌಲಾಸಾಬ ಮೋಸ ಮಾಡಿದ ಅನ್ರಿ.”

“ಮೌಲಾಸಾಬ ಹೆಂಡತಿ ಕೂಡ ಮೋಟಾರ ಹತ್ಯಾನ. ಹೊತ್ತು ಮುಳಗೂದರಾಗ ಸಂಸ್ಥಾನದ ಹದ್ದಿನ್ಯಾಗ ಇರತಾನ. ಅವನ್ನ ಕಳಿಸಿದವರ ಹೆಸರು ಅವನೊಬ್ಬನಿಗೆ ಗೊತ್ತು.”

“ಗಾಣಿಗರಾಕಿ ಕಡೆ ಇದ್ದ ಬಾಟ್ಲಿ?”

“ಹೇಳಿದ್ನಲ್ಲ. ಸೋಮವಾರದ ದೀಪಕ್ಕ ಉರಿಸ್ಯಾಳ.”

“ಅಂದ್ರ ಈ ಭೂಮಿ ಮ್ಯಾಲ ಇದೊಂದ ಉಳದೈತಿ.”

ಹೌದು ಎಂದು ತಲೆಯಾಡಿಸಿದ ಸಿದ್ದಾರೂಢ. ಬುಧವಾರ ಬರತಾನವ್ವ ಎಂದು ತಾನು ಆಡಿದ ಮಾತು ಕಿವಿಯಲ್ಲಿ ಮತ್ತೆ ಕೇಳಿಸುತ್ತಿತ್ತು. ಬಾಟ್ಲಿಯನ್ನು ಕೆಳಗಿಟ್ಟು, ಕಣ್ಣು ಮುಚ್ಚಿ ಹಣೆ ಒರೆಸಿಕೊಂಡ. ಕಣ್ಣು ತೆರೆದಾಗ ಅದು ಇಟ್ಟಲ್ಲಿ ಇರಲಿಲ್ಲ.

ಶಾರದವ್ವ ಅಡುಗೆಮನೆಯ ಒರಳುಕಲ್ಲಿನ ಮುಂದೆ ನಿಂತಿದ್ದಳು. ಬಾಟ್ಲಿಯ ಕುತ್ತಿಗೆ ಆಕೆಯ ಮುಷ್ಟಿಯಲ್ಲಿತ್ತು. ಆ ಕೈಗೆ ಶಾವಿಗೆಯ ಹಿಟ್ಟು ಇನ್ನೂ ಮೆತ್ತಿತ್ತು.

“ಶಾರದಾ, ಬ್ಯಾಡ! ಕೆಳಗ ಇಡು!”

“ಆಕಿ ತನ್ನ ಮನಿ ದೀಪ ಆರಬಾರದಂತ ಅರಗು ಒಡದಳು,” ಎಂದಳು ಶಾರದವ್ವ, ಕೈ ಮೇಲೆತ್ತುತ್ತ. “ನನಗೂ ಒಂದ ಮನಿ ಐತ್ರಿ.”